ಹನ್ನೊಂದು ಫೈಲು, ಒಂದೇ ಮಂಗಳವಾರ

ಅಥವಾ ಆ ದಿನ ಮಳೆಯೇ ಇರಲಿಲ್ಲವೇನೋ. ಕಾರಿನ ವೈಪರು ಓಡುತ್ತಿತ್ತು ಎಂದು ಎಷ್ಟೋ ಕಡೆ ಬರೆದಿಟ್ಟಿದ್ದೇನೆ. ಅದರ ರಬ್ಬರು ಗಾಜಿಗೆ ಉಜ್ಜುವ ಸದ್ದನ್ನೂ ಬರೆದಿದ್ದೇನೆ. ಆದರೆ ಅಣ್ಣ ತೀರಿಹೋದದ್ದು ಏಪ್ರಿಲಿನಲ್ಲಿ. ನಮ್ಮ ಕಡೆ ಏಪ್ರಿಲಿನಲ್ಲಿ ಮಳೆ ಬರುವುದೇ ಇಲ್ಲವೆಂದಲ್ಲ, ಒಂದೊಂದು ವರ್ಷ ಬರುತ್ತದೆ. ಆ ವರ್ಷ ಬಂದಿತ್ತೇ? ವೈಪರಿನ ಸದ್ದು ಈಗಲೂ ಕಿವಿಯಲ್ಲಿದೆ. ಅದು ಕಾರಿನಿಂದ ಬಂದದ್ದೋ, ಬರೆಯುವಾಗ ವಾಕ್ಯಕ್ಕೊಂದು ತಾಳ ಬೇಕೆಂದು ನಾನೇ ತುರುಕಿದ್ದೋ ಹೇಳಲಾರೆ.

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಣ್ಣನಿಗೆ ಎದೆನೋವು ಬಂತು. ಕಾರು ಬಿಟ್ಟದ್ದು ನಾನು. ಹಿಂದಿನ ಸೀಟಿನಲ್ಲಿ ಅತ್ತಿಗೆ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಮೀಂಜದ ಒಳಗಿನಿಂದ ಇಳಿದುಬರುವ ನಮ್ಮ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಬಲಕ್ಕೆ ತಿರುಗಿದರೆ ಮಂಗಳೂರು, ಎಡಕ್ಕೆ ತಿರುಗಿದರೆ ಕಾಸರಗೋಡು. ನಮ್ಮೂರಿನವರು ಶೀತ ಜಾಸ್ತಿಯಾದರೂ ಬಲಕ್ಕೆ ತಿರುಗುವವರು. ಆ ದಿನ ನಾವು ಎಡಕ್ಕೆ ತಿರುಗಿದೆವು. ಆಸ್ಪತ್ರೆ ಸಿಗುವ ಮೊದಲೇ ದಾರಿಯಲ್ಲಿ ಅಣ್ಣ ಹೋದ. ಎಲ್ಲಿಗೆ ಕರೆದುಕೊಂಡು ಹೋಗಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಡಾಕ್ಟರು ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂತಕ ಕಳೆಯುವ ಮೊದಲೇ ಒಂದು ಮಧ್ಯಾಹ್ನ ಅತ್ತಿಗೆ ನನ್ನ ಕೋಣೆಗೆ ಬಂದರು. "ಈಗ ಎಲ್ಲ ನೆನಪು ಉಂಟು. ಮತ್ತೆ ಮರೆತುಹೋಗುತ್ತದೆ. ಹೇಳುತ್ತೇನೆ, ನೀನು ಬರೆದಿಡು" ಎಂದರು. ಕಂಪ್ಯೂಟರಿನ ಮುಂದೆ ಕೂತು ಅವರು ಹೇಳಿದ ಹಾಗೆಯೇ ಟೈಪ್ ಮಾಡಿದೆ. ಮನೆಯಿಂದ ಹೊರಟಲ್ಲಿಂದ ಆಸ್ಪತ್ರೆಯ ಗೇಟಿನವರೆಗೆ, ಯಾರು ಎಲ್ಲಿ ಎಂತ ಹೇಳಿದರು ಎಂಬುದೆಲ್ಲ. ಒಂದೂವರೆ ಪುಟ ಆಯಿತು. ಅತ್ತಿಗೆ ಎದ್ದು ಹೋಗುವಾಗ, "ಇನ್ನು ನಾನು ಇದನ್ನು ಹೊತ್ತುಕೊಂಡು ತಿರುಗಬೇಕೆಂದಿಲ್ಲ" ಎಂದರು. ಅವರು ಅದನ್ನು ನನ್ನ ಹತ್ತಿರ ಇಟ್ಟು ಹೋದರು. ಬ್ಯಾಂಕಿನ ಲಾಕರಿನಲ್ಲಿ ಇಡುವ ಹಾಗೆ.

ನಾನು ಮಾಡಿದ್ದೇನು? ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಒಂದೂವರೆ ಪುಟದ ಮೇಲೆ ಕೂತು ಕತೆ ಬರೆಯಲು ತೊಡಗಿದೆ. ಒಂದರಲ್ಲಿ ಕಾಸರಗೋಡು ಎಂದು ಅಣ್ಣನೇ ಹೇಳುತ್ತಾನೆ. ಒಂದರಲ್ಲಿ ಅತ್ತಿಗೆ ಹೇಳುತ್ತಾರೆ. ಕೆಲವನ್ನು ಅತ್ತಿಗೆಯದೇ ಧಾಟಿಯಲ್ಲಿ, ಅವರೇ ಹೇಳಿ ಬರೆಸಿದ ಹಾಗೆ ಬರೆದೆ. ಒಂದರಲ್ಲಿ ಯಾರೂ ಏನೂ ಹೇಳುವುದಿಲ್ಲ, ಮಂಗಳೂರಿನ ಕಡೆ ಲಾರಿಗಳ ಸಾಲು ನಿಂತಿರುವುದನ್ನು ಕಂಡು ಕಾರು ತಾನಾಗಿ ಎಡಕ್ಕೆ ಹೊರಳುತ್ತದೆ. ಇನ್ನೊಂದರಲ್ಲಿ ಕಾರು ಬಿಡುವವನ ಜೇಬಿನಲ್ಲಿ ಕಾಸರಗೋಡಿನ ಅಂಗಡಿಯೊಂದರ ಚೀಟಿ ಇದೆ, ರಿಪೇರಿಗೆ ಕೊಟ್ಟ ಪ್ರಿಂಟರನ್ನು ಅವನು ಅದೇ ದಿನ ತರಬೇಕು. ಆ ಚೀಟಿಯ ಕತೆ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಚೀಟಿಯ ಕಲ್ಪನೆ ಅದ್ಭುತ ಎಂದು ಓದುಗರೊಬ್ಬರು ಕಾಗದ ಬರೆದರು. ಆ ಕಾಗದವನ್ನು ಡ್ರಾಯರಿನ ತಳಕ್ಕೆ ತುರುಕಿದೆ. ಅತ್ತಿಗೆ ಓದಿ ಪತ್ರಿಕೆಯನ್ನು ಮಡಚಿಟ್ಟು ಒಂದೇ ಮಾತು ಹೇಳಿದರು: "ನಮ್ಮ ಕಾರು ಬೂದಿ ಬಣ್ಣದ್ದು. ನೀನು ಬಿಳಿ ಮಾಡಿದ್ದೀ."

ಆಗ ನನಗೊಂದು ಸಿದ್ಧಾಂತವಿತ್ತು. ನೆನಪಿಗೆ ಮೂಲಪ್ರತಿ ಎಂಬುದಿಲ್ಲ, ಹೇಳುವ ಪ್ರತಿ ಸಲವೂ ಅದು ಹೊಸದಾಗಿ ಹುಟ್ಟುತ್ತದೆ, ಆದ್ದರಿಂದ ಯಾವ ಬರಹವೂ ಇನ್ನೊಂದಕ್ಕಿಂತ ಮೊದಲಿನದಲ್ಲ. ಈ ಸಿದ್ಧಾಂತದ ಮರ್ಯಾದೆ ಕಾಯಲು ನಾನು ಫೈಲುಗಳಿಗೆ ಒಂದು, ಎರಡು ಎಂದು ನಂಬರು ಕೊಡಲಿಲ್ಲ. ಉಪ್ಪು, ಟಯರು, ಕೊಡೆ, ನೊಣ, ಸೌತೆಕಾಯಿ ಎಂದು ತೋಚಿದ ಹೆಸರು ಕೊಟ್ಟೆ. ಅತ್ತಿಗೆ ಹೇಳಿ ಬರೆಸಿದ ಪುಟಕ್ಕೂ ಆಮೇಲೆ ಹಾಗೆಯೇ ಒಂದು ಹೆಸರು ಹಾಕಿ ಉಳಿದವುಗಳ ನಡುವೆ ಸೇರಿಸಿದೆ. ಬೇಕೆಂದೇ.

ಈ ವರ್ಷದ ತಿಥಿಯ ಊಟಕ್ಕೆ ಅಕ್ಕ ಬಂದಿದ್ದಳು. ಅವಳು ನಮಗಿಬ್ಬರಿಗೂ ದೊಡ್ಡವಳು, ಅಣ್ಣನನ್ನು ಎತ್ತಿ ಆಡಿಸಿದವಳು. ಪಾಯಸ ಬಡಿಸುವ ಹೊತ್ತಿಗೆ ಯಾರಿಗೂ ಅಲ್ಲವೆಂಬ ಹಾಗೆ, "ಅವತ್ತು ಬಲಕ್ಕೆ ತಿರುಗಿಸಿದ್ದರೆ ಇವತ್ತು ಅವನೇ ಬಡಿಸುತ್ತಿದ್ದ" ಎಂದಳು.

ಅತ್ತಿಗೆಯ ಕೈಯ ಸೌಟು ನಿಂತಿತು. "ಅವರೇ ಹೇಳಿದ್ದಲ್ಲವಾ ಕಾಸರಗೋಡು ಅಂತ?"

"ಅವನು ಹೇಳಿದ್ದನ್ನು ಕೇಳಿದವರು ಯಾರು? ನೀನೊಬ್ಬಳು."

"ಇವನೂ ಇದ್ದ."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿ ತುಂಬ ಪಾಯಸ. ನುಂಗಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಆಮೇಲೆ, "ಅತ್ತಿಗೆ ಹೇಳಿದ್ದನ್ನು ಆಗಲೇ ಬರೆದದ್ದು ಉಂಟು. ಹುಡುಕಿ ಕೊಡುತ್ತೇನೆ" ಎಂದೆ.

"ಹುಡುಕು ಮಾರಾಯ. ನನಗೂ ಓದಬೇಕು" ಎಂದಳು ಅಕ್ಕ.

ಅತ್ತಿಗೆ ಆ ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ನನಗೆ ಈಗ ಸರಿಯಾಗಿ ನೆನಪಿಲ್ಲ. ಅವರು ಹೇಳಿದ್ದು ಅಂತಲೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದು ನಿಜವೋ ಸುಳ್ಳೋ ನನಗೇ ಗೊತ್ತಾಗುವುದಿಲ್ಲ. ನೀನು ಬರೆದದ್ದನ್ನು ನೋಡಿದರೆ ಗೊತ್ತಾಗುತ್ತದೆ. ನಾನೇ ಹೇಳಿದ್ದು ಅಂತ ಇದ್ದರೆ ಇರಲಿ, ಅವಳ ಮುಂದೆ ಒಪ್ಪಿಕೊಳ್ಳುತ್ತೇನೆ. ಗೊತ್ತಾಗಬೇಕು, ಅಷ್ಟೇ."

ಕಂಪ್ಯೂಟರು ಆ ಹೊತ್ತಿಗೆ ಹಾಸಿಗೆ ಹಿಡಿದಿತ್ತು. ಡಿಸ್ಕು ತುಂಬಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಒಂದು ಫೋಲ್ಡರು ತೆರೆಯಲು ಒತ್ತಿ ಒಂದು ಲೋಟ ಚಹಾ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ, ನಡುವೆ ಒಳಗಿನಿಂದ ಹಲ್ಲು ಕಡಿದ ಹಾಗೆ ಸದ್ದು. ದೊಡ್ಡ ಡಿಸ್ಕು ಹಾಕಿಸದೆ ಗತಿಯಿಲ್ಲವೆಂದು ಕಂಪ್ಯೂಟರಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಾಸರಗೋಡಿಗೆ ಒಯ್ದೆ. ಕಾರನ್ನು ಹೆದ್ದಾರಿಯಲ್ಲಿ ಎಡಕ್ಕೆ ತಿರುಗಿಸುವಾಗ ಇಂಡಿಕೇಟರು ಟಿಕ್ ಟಿಕ್ ಅಂದದ್ದನ್ನು ಬೇಕೆಂದೇ ಕೇಳಿಸಿಕೊಂಡೆ. ಅದೇ ಸದ್ದಾ ಅವತ್ತಿನದು? ವೈಪರಲ್ಲದೆ ಇದಾ?

ಅಂಗಡಿ ಹಳೆಯದು, ನಾನು ವರ್ಷಗಳಿಂದ ಹೋಗುವುದು. ರಿಪೇರಿ ಮಾಡುವವರು ಮಲಯಾಳಿ, ನನ್ನ ಹತ್ತಿರ ಕನ್ನಡದಲ್ಲಿಯೇ ಮಾತಾಡುತ್ತಾರೆ. ಒಳಗಿನ ಮೇಜಿನಲ್ಲಿ ಕನ್ನಡ ಟೈಪಿಂಗಿಗೆ ಒಬ್ಬರು ಹೆಂಗಸು. ಪಂಚಾಯತಿಗೆ ಕೊಡುವ ಅರ್ಜಿ, ಮದುವೆಯ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಅವರ ಕೆಲಸ.

ರಿಪೇರಿಯವರು ಸ್ಕ್ರೂ ಬಿಚ್ಚಿ ಡಬ್ಬದ ಮಗ್ಗುಲು ತೆಗೆದ ಕೂಡಲೇ ಒಂದು ವಾಸನೆ ಎದ್ದಿತು. ಕೊಳೆತದ್ದರ ವಾಸನೆಯಲ್ಲ, ಕೊಳೆತು ಮುಗಿದದ್ದರದ್ದು. ಧೂಳು ಬಟ್ಟೆಯ ಹಾಗೆ ಹೆಣೆದುಕೊಂಡಿತ್ತು. ಫ್ಯಾನಿನ ಎಸಳಿಗೆ ಒಂದು ಹಲ್ಲಿ ಒಣಗಿ ಅಂಟಿತ್ತು. ಅದರ ಕೆಳಗೆ ಮೂರು ಮೊಟ್ಟೆ, ಎರಡು ಒಡೆದದ್ದು. ಇರುವೆಗಳು ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ತಂತಿಗಳ ಮೇಲೆ ಓಡತೊಡಗಿದವು.

"ಸಾರೇ, ಇದರಲ್ಲಿ ಸಂಸಾರವೇ ಉಂಟಲ್ಲ" ಎಂದರು ಅವರು. "ಇವರಿಗೆ ರೇಷನ್ ಕಾರ್ಡ್ ಮಾಡಿಸಿದ್ದೀರಾ?"

"ಬೇಗ ತೆಗೆಯಿರಿ ಅದನ್ನು."

"ಇಷ್ಟು ವರ್ಷ ಇದರ ಎದುರು ಕೂತು ಬರೆದದ್ದಲ್ವಾ? ಈಗ ಎಂತ ನಾಚಿಕೆ?"

ಡಿಸ್ಕಿನ ಒಳಗಿನದು ಪರದೆಯ ಮೇಲೆ ಬಂದಾಗ ಹಲ್ಲಿಯೇ ವಾಸಿ ಎನಿಸಿತು. ಒಂದೊಂದೇ ಹೆಸರು ತೋರಿಸುತ್ತ ನಕಲು ಸಾಗುತ್ತಿತ್ತು, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು, ಅದೇ ಗುಲಾಬಿ ನಾಲ್ಕು ಫೋಲ್ಡರಿನಲ್ಲಿ. ನೋಡದೆ ಇಟ್ಟ ಭಾಷಣಗಳ ವಿಡಿಯೋ. ಅಣ್ಣನ ಆಧಾರ್ ಕಾರ್ಡಿನ ಸ್ಕ್ಯಾನು ಏಳು ಸಲ, ಒಂದರಲ್ಲೂ ಮುಖ ಸ್ಪಷ್ಟವಿಲ್ಲ. ಅವನ ಶವದ ಫೋಟೋ, ಅದನ್ನು ಯಾರು ತೆಗೆದರು, ನನ್ನ ಕಂಪ್ಯೂಟರಿಗೆ ಹೇಗೆ ಬಂತು? ಅದರ ಮಗ್ಗುಲಲ್ಲಿ ಒಂದು ಮಿಕ್ಸಿಯ ಗ್ಯಾರಂಟಿ ಕಾಗದ. ನನ್ನದೇ ಬರಹಗಳು, ಅರ್ಧಕ್ಕೆ ನಿಂತವು, ಮುಗಿದೂ ಪ್ರಯೋಜನವಿಲ್ಲದವು, ಒಂದನ್ನೇ ತಿದ್ದಿ ತಿದ್ದಿ ಇಪ್ಪತ್ತಾದವು. ಇಷ್ಟನ್ನೂ ಈಗ ದೊಡ್ಡ ಕೊಟ್ಟಿಗೆಗೆ ಸಾಗಿಸುತ್ತಿದ್ದೇನೆ, ಇನ್ನಷ್ಟು ಸಗಣಿ ಹಾಕಲು ಜಾಗವಾಗಲಿ ಎಂದು. ಹೊರಗೆ ಹೋಗಿ ಬಸ್ಸುಗಳ ಹೊಗೆ ಕುಡಿದು ಬಂದೆ.

"ಕಾಪಿ ಆಯಿತು" ಎಂದರು ಅಂಗಡಿಯವರು. "ನಿಮ್ಮ ಕನ್ನಡ ಫೈಲುಗಳು ಮಾತ್ರ ಚರಪರ ಕಾಣುತ್ತವೆ." ತೋರಿಸಿದರು. ನಾನು ಬರೆಯುತ್ತಿದ್ದದ್ದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ. ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಆ ಫಾಂಟು ಇರಲಿಲ್ಲ. ಅತ್ತಿಗೆಯ ಮಾತು, ಅಣ್ಣನ ಸಾವು ಎಲ್ಲ ಇಂಗ್ಲಿಷಿನ ಮುರಿದ ಅಕ್ಷರಗಳಾಗಿ, ಪ್ರಶ್ನೆಚಿಹ್ನೆಗಳಾಗಿ, ಕೊಂಬು ಬಂದ ಸೊನ್ನೆಗಳಾಗಿ ಬಿದ್ದುಕೊಂಡಿದ್ದವು.

ಟೈಪಿಂಗಿನ ಹೆಂಗಸು ಬಗ್ಗಿ ನೋಡಿ, "ಇದು ನಮಗೆ ದಿನಾ ಬರುವುದೇ. ಹೆದರಬೇಡಿ ಸರ್, ನಾನು ಎಲ್ಲ ಸರಿ ಮಾಡಿ ಕೊಡುತ್ತೇನೆ" ಎಂದರು.

"ಹಳೆಯ ಡಿಸ್ಕು ಎಂತ ಮಾಡುವ?" ಎಂದು ಕೇಳಿದರು ಅಂಗಡಿಯವರು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಅದರ ಒಂದು ಅಂಚಿಗೆ ಹಲ್ಲಿಯ ಹಿಕ್ಕೆ ಸುಣ್ಣದ ಹಾಗೆ ಮೆತ್ತಿತ್ತು. "ಮನೆಗೆ ತೆಗೆದುಕೊಂಡು ಹೋಗುತ್ತೀರಾ?"

"ನನಗೆ ಅದನ್ನು ಕಣ್ಣಲ್ಲಿ ನೋಡಿ ಆಗುವುದಿಲ್ಲ. ಫಾರ್ಮ್ಯಾಟ್ ಹೊಡೆದು, ಎಲ್ಲ ಅಳಿಸಿ ಯಾರಿಗಾದರೂ ಕೊಡಿ."

"ಹೊಸತು ಸರಿ ಉಂಟಾ ಅಂತ ಒಮ್ಮೆ ನೋಡಿ, ಮತ್ತೆ ಹೊಡೆಯುವ. ಒಂದು ವಾರ ಇಲ್ಲಿ ಬಿದ್ದಿರಲಿ."

"ಬೇಡ. ಈಗಲೇ ಹೊಡೆಯಿರಿ."

ಈ ಸಂಭಾಷಣೆ ಮಾತ್ರ ನನಗೆ ಅಕ್ಷರಕ್ಕಕ್ಷರ ನೆನಪಿದೆ. ಇದನ್ನು ತಿದ್ದಿ ಬರೆಯುವ ಮನಸ್ಸು ಇನ್ನೂ ಬಂದಿಲ್ಲ.

ಬುಧವಾರ ಡಬ್ಬ ಮನೆಗೆ ಬಂತು. ಚೊಕ್ಕವಾಗಿ ಒರೆಸಿದ್ದರು, ಒಳಗೆ ಸೆಂಟಿನ ಹಾಗೆ ಏನೋ ಹೊಡೆದಿದ್ದರು. ಪರದೆ ಕ್ಷಣದಲ್ಲಿ ಬೆಳಗಿತು. ಫೋಲ್ಡರು ತೆರೆದೆ. ಉಪ್ಪು, ಟಯರು, ಕೊಡೆ, ನೊಣ, ಎಲ್ಲ ಸ್ವಚ್ಛ ಕನ್ನಡದಲ್ಲಿ. ಆ ಹೆಂಗಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹನ್ನೊಂದರಲ್ಲಿ ಅತ್ತಿಗೆಯದ್ದು ಯಾವುದೆಂದು ಹೆಸರಿನಿಂದ ತಿಳಿಯುವ ಹಾಗಿರಲಿಲ್ಲ, ಅದು ನನ್ನದೇ ಘನಕಾರ್ಯ. ಆದರೆ ಎಲ್ಲಕ್ಕಿಂತ ಮೊದಲು ಬರೆದದ್ದು ಅದೇ ಅಲ್ಲವೇ? ತಾರೀಕಿನ ಪ್ರಕಾರ ಜೋಡಿಸಲು ಒತ್ತಿದೆ.

ಎಲ್ಲದಕ್ಕೂ ಒಂದೇ ತಾರೀಕು. ನಿನ್ನೆ, ಮಂಗಳವಾರ, ಬೆಳಿಗ್ಗೆ ಹನ್ನೊಂದು ನಲವತ್ತು.

ಅಂಗಡಿಗೆ ಫೋನು ಮಾಡಿದೆ. ಟೈಪಿಂಗಿನ ಹೆಂಗಸೇ ತೆಗೆದರು. ಹೌದು, ಒಂದೊಂದೇ ಫೈಲು ಹೊಸ ಲಿಪಿಗೆ ಮಾಡುತ್ತ ಕೂತರೆ ತಿಂಗಳು ಬೇಕು, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹಾಕಿ ಬದಲಿಸಿ ಅದೇ ಜಾಗದಲ್ಲಿ ಉಳಿಸಿದರಂತೆ. ಹಳೆಯದು ಚರಪರ, ಯಾರಿಗೆ ಬೇಕು ಎಂದು ಅಳಿಸಿದರಂತೆ. ಬದಲಿಸಿ ಉಳಿಸಿದ ಗಳಿಗೆಯೇ ಅದರ ಹುಟ್ಟಿದ ಗಳಿಗೆ. "ನಮ್ಮಲ್ಲಿ ಯಾರೂ ತಾರೀಕು ಕೇಳುವುದಿಲ್ಲ ಸರ್. ಓದಲಿಕ್ಕೆ ಬಂದರೆ ಸಾಕು ಅವರಿಗೆ." ಆಮೇಲೆ, "ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ಸರಿಯಾಗಿದೆಯಾ ಅಂತ ನಾಲ್ಕಾರು ತೆರೆದು ನೋಡಿದೆ. ಒಂದೇ ಕತೆಯನ್ನು ಯಾಕೆ ಅಷ್ಟು ಸಲ ಬರೆದದ್ದು? ಆ ಹೆಂಗಸು ಪಾಪ, ಎಷ್ಟು ಸಲ ಗಂಡನನ್ನು ಸಾಯಿಸುವುದು?"

ಹಳೆಯ ಡಿಸ್ಕನ್ನು ಕೇಳಿದೆ. ಫೋನು ಅಂಗಡಿಯವರ ಕೈಗೆ ಹೋಯಿತು. "ಅಯ್ಯೋ ಸಾರೇ, ನೀವೇ ಹೇಳಿದ್ದಲ್ವಾ? ನಿನ್ನೆಯೇ ಒಂದು ಮೀನಿನ ಅಂಗಡಿಯ ಸಿಸಿ ಕ್ಯಾಮೆರಾದ ಪೆಟ್ಟಿಗೆಗೆ ಹಾಕಿದೆ. ಇಷ್ಟು ಹೊತ್ತಿಗೆ ಅದರ ಮೇಲೆ ಮೀನು ತುಂಬಿರುತ್ತದೆ."

ಈಗ ಅಲ್ಲಿ, ಅತ್ತಿಗೆಯ ಮಾತು ಮೊದಲ ಸಲ ಕೂತ ಜಾಗದ ಮೇಲೆ, ಬಂಗುಡೆಯ ರಾಶಿಯ ಚಿತ್ರ ಕೂರುತ್ತಿದೆ. ಕತ್ತಿ ಏಳುವುದು, ಬೀಳುವುದು, ಬೆಕ್ಕು ಬಂದು ಹೋಗುವುದು. ಇದನ್ನು ನಾನು ಕತೆಗೆಂದು ಕಟ್ಟಿದ್ದರೆ ಅತಿಯಾಯಿತೆಂದು ಹೊಡೆದುಹಾಕುತ್ತಿದ್ದೆ.

ಆಗ ನನಗೆ ಒಂದು ಆಲೋಚನೆ ಬಂತೆಂದು ಒಪ್ಪಿಕೊಳ್ಳಬೇಕು. ಅಣ್ಣನೇ ಹೇಳಿದನೆಂಬ ಪುಟವನ್ನು ಪ್ರಿಂಟು ತೆಗೆದು ಇದೇ ಅದು ಎಂದು ಕೊಟ್ಟುಬಿಡುವುದು. ಅಕ್ಕನ ಬಾಯಿ ಮುಚ್ಚುತ್ತದೆ, ಅತ್ತಿಗೆಗೆ ನಿದ್ದೆ ಬರುತ್ತದೆ. ಪ್ರಿಂಟಿಗೆ ಒತ್ತಿಯೂ ಬಿಟ್ಟೆ. ಅರ್ಧ ಹೊರಗೆ ಬಂದ ಕಾಗದವನ್ನು ಎಳೆದು ಹರಿದುಹಾಕಿದೆ. ಅತ್ತಿಗೆ ಕೇಳಿದ್ದು ಸಮಾಧಾನವನ್ನಲ್ಲ. ಗೊತ್ತಾಗಬೇಕು ಎಂದಿದ್ದರು.

ಹೇಳಿದೆ. ಅಡುಗೆಮನೆಯಲ್ಲಿ ಅವರು ಹಲಸಿನ ತೊಳೆ ಬಿಡಿಸುತ್ತಿದ್ದರು, ಕೈಗೆ ಎಣ್ಣೆ ಹಚ್ಚಿಕೊಂಡು. ಹನ್ನೊಂದು ಇವೆ, ನೀವು ಹೇಳಿದ್ದು ಅದರಲ್ಲಿ ಒಂದು, ಯಾವುದೆಂದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯನ್ನು ನಾನೇ ಹಾಳುಮಾಡಿದೆ ಎಂದೆ.

ಅವರು ತೊಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಾನು ಹೇಳಿದ್ದನ್ನು ಒಂದು ಕಡೆ ಸುಮ್ಮನೆ ಇಡಲಿಕ್ಕೆ ನಿನಗೆ ಎಂತ ಕಷ್ಟ ಇತ್ತು?"

ಸಿದ್ಧಾಂತ ಹೇಳುವ ಜಾಗ ಅದಲ್ಲ.

"ನಿನಗೆ ನೆನಪಿಲ್ಲವಾ? ಕಾರು ಬಿಟ್ಟವನು ನೀನಲ್ಲವಾ?"

"ಹನ್ನೊಂದು ನೆನಪು ಉಂಟು ಅತ್ತಿಗೆ."

"ಹೇಸಿಗೆ" ಎಂದರು. ನನ್ನನ್ನೋ, ಕೈಗಂಟಿದ ಮೇಣವನ್ನೋ ನೋಡುತ್ತ. ಆಮೇಲೆ, "ಹನ್ನೊಂದನ್ನೂ ಪ್ರಿಂಟು ಮಾಡಿ ಕೊಡು. ನಾನು ಆಡಿದ ಮಾತು ಯಾವುದೆಂದು ನನಗೆ ಗೊತ್ತಾಗುವುದಿಲ್ಲವಾ ನೋಡುವ."

ಎರಡು ದಿನ ಅವರು ಜಗಲಿಯಲ್ಲಿ ಕೂತು ಓದಿದರು, ಕೈಯಲ್ಲಿ ಪೆನ್ಸಿಲು. ನಾನು ಆಚೀಚೆ ಹೋಗುವಾಗ ತಲೆಯೆತ್ತಿ ನೋಡುತ್ತಿರಲಿಲ್ಲ. ಮೂರನೆಯ ದಿನ ಅಕ್ಕನನ್ನು ಅವರೇ ಫೋನು ಮಾಡಿ ಕರೆಸಿದರು. ಮೂವರೂ ಕೂತೆವು. ಅತ್ತಿಗೆ ಒಂದೊಂದೇ ಕಾಗದ ತೆಗೆದು ಚಾಪೆಯ ಮೇಲೆ ಇಡತೊಡಗಿದರು.

"ಇದು ನಾನಲ್ಲ. 'ಸಾವಿನ ವಾಸನೆ' ಅಂತ ಉಂಟು. ನಾನು ಹಾಗೆ ಹೇಳುವವಳಲ್ಲ. ಇದೂ ಅಲ್ಲ, ಇದರಲ್ಲಿ ನಾನು ಅಳುತ್ತೇನೆ. ನಾನು ಅವತ್ತು ಅಳಲಿಲ್ಲ, ಅವರ ಅಂಗಿಯ ಗುಂಡಿ ಬಿಚ್ಚುತ್ತಿದ್ದೆ. ಇದು ಲಾರಿಯದ್ದು, ಹಿಂದಿನ ಸೀಟಿನಿಂದ ನನಗೆ ಲಾರಿ ಎಲ್ಲಿ ಕಾಣುತ್ತದೆ? ಇದು ಇವನು ಪೇಪರಿಗೆ ಬರೆದದ್ದು, ಚೀಟಿಯ ಕತೆ." ಚೀಟಿಯ ಕತೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಿದ್ದರು.

ಅಕ್ಕ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಇಷ್ಟೆಲ್ಲ ಬರೆದದ್ದಾ ನೀನು? ಬೇರೆ ಎಂತ ಕೆಲಸವೂ ಇರಲಿಲ್ಲವಾ ಮಾರಾಯ?"

ಕೊನೆಗೆ ಅತ್ತಿಗೆಯ ಕೈಯಲ್ಲಿ ಎರಡು ಉಳಿದವು. "ಈ ಎರಡರಲ್ಲೂ ನಾನೇ ಮಾತಾಡುತ್ತೇನೆ. ಒಂದು ಮಾತೂ ಹೊಡೆದುಹಾಕಲಿಕ್ಕೆ ಆಗಲಿಲ್ಲ. ಗುಂಡಿ ಉಂಟು, ನೀರಿನ ಬಾಟ್ಲಿ ಉಂಟು, ಬಾಗಿಲಿಗೆ ಬೀಗ ಹಾಕಿದ್ದೀಯಾ ಅಂತ ಅವರು ಕೇಳಿದ್ದು ಉಂಟು. ಒಂದರಲ್ಲಿ, ಕಾಸರಗೋಡಿಗೇ ಹೋಗುವ, ಅಲ್ಲಿ ಗುರ್ತದ ಡಾಕ್ಟರು ಉಂಟು ಅಂತ ಅವರು ಹೇಳುತ್ತಾರೆ. ಇನ್ನೊಂದರಲ್ಲಿ ಅದನ್ನೇ ನಾನು ಹೇಳುತ್ತೇನೆ. ಎರಡು ದಿನ ನೋಡಿದೆ. ನನಗೆ ಗೊತ್ತಾಗುವುದಿಲ್ಲ."

ಅಕ್ಕ ಕೈ ಚಾಚಿ ಎರಡನ್ನೂ ತೆಗೆದುಕೊಂಡಳು. ಕನ್ನಡಕವಿಲ್ಲದೆ ಓದಲಾರಳು, ಆದರೂ ಹಿಡಿದುಕೊಂಡಳು. "ಬೀಗ ಹಾಕಿದ್ದೀಯಾ ಅಂತ ಕೇಳಿದನಾ?" ಎಂದಳು.

"ಅದು ಎರಡರಲ್ಲೂ ಉಂಟು" ಎಂದರು ಅತ್ತಿಗೆ.

ಅಕ್ಕ ಮತ್ತೆ ಬಲ ಎಡದ ಮಾತು ಎತ್ತಲಿಲ್ಲ. ಎತ್ತಬಾರದೆಂದು ತೀರ್ಮಾನಿಸಿದಳೋ, ಇನ್ನೊಂದು ವರ್ಷಕ್ಕೆ ಇಟ್ಟುಕೊಂಡಳೋ ತಿಳಿಯದು. ಅತ್ತಿಗೆ ಆ ಎರಡು ಕಾಗದಗಳನ್ನು ತಮ್ಮ ಕಪಾಟಿಗೆ ಒಯ್ದರು. ಉಳಿದ ಒಂಬತ್ತನ್ನು ಬಚ್ಚಲ ಒಲೆಗೆ ಹಾಕು ಎಂದು ನನಗೇ ಕೊಟ್ಟರು. ಹಾಕಿದೆ. ಕಂಪ್ಯೂಟರಿನಲ್ಲಿ ಅವು ಹಾಗೆಯೇ ಇವೆ, ಎರಡು ಟಿಬಿಯ ಹೊಸ ಡಿಸ್ಕಿನಲ್ಲಿ ಕಾಣದಷ್ಟು ಸಣ್ಣದಾಗಿ.

ಚೀಟಿಯ ಕತೆಯನ್ನು ಒಲೆಗೆ ಹಾಕುವಾಗ ಕೈ ಸ್ವಲ್ಪ ತಡೆಯಿತು. ಅತ್ತಿಗೆ ಅದನ್ನು ಹೊಡೆದುಹಾಕಿದ್ದು ಅದು ತಾವು ಹೇಳಿದ್ದಲ್ಲವೆಂದು. ಅವರು ಹೇಳುವುದಾದರೂ ಹೇಗೆ? ನನ್ನ ಜೇಬಿನಲ್ಲಿ ಎಂತ ಇತ್ತೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಕಳೆದ ವಾರ ಅಂಗಡಿಯವರನ್ನು ಕೇಳಿದೆ, ಆರು ವರ್ಷದ ಹಿಂದೆ ಏಪ್ರಿಲಿನಲ್ಲಿ ನನ್ನ ಪ್ರಿಂಟರು ನಿಮ್ಮಲ್ಲಿ ಇತ್ತಾ ಎಂದು. ಅವರು ನಕ್ಕರು. "ಸಾರೇ, ನಿಮ್ಮ ಪ್ರಿಂಟರು ನಿಮ್ಮ ಮನೆಗಿಂತ ಹೆಚ್ಚು ನಮ್ಮಲ್ಲೇ ಇದ್ದದ್ದು."

ಕಾಸರಗೋಡು ಎಂದು ಮೊದಲು ಹೇಳಿದ್ದು ಯಾರೆಂದು ನನಗೆ ಗೊತ್ತಿಲ್ಲ. ಆ ಚೀಟಿ ನನ್ನ ಜೇಬಿನಲ್ಲಿ ಇತ್ತೋ ಇರಲಿಲ್ಲವೋ, ಅದೂ ಗೊತ್ತಿಲ್ಲ.